ಒಂದು ವಾರ ಒಳಗಿಟ್ಟರೂ ಒಗ್ಗದ ಸಾಗವಾನಿ ಪಟ್ಟಿ: ಕೊಪ್ಪಳದ ಒಂದು ಮನೆಯ ಪ್ರಕರಣ

ಜನವರಿ ತಿಂಗಳು. ಗವಿಮಠದ ಜಾತ್ರೆ ಮುಗಿದು ಎರಡು ದಿನ ಆಗಿತ್ತು. ಭಾಗ್ಯನಗರದಿಂದ ಮಾಸ್ತರ್ ಫೋನ್ ಮಾಡಿದರು. "ಸ್ವಲ್ಪ ಬಂದು ಹೋಗ್ರಿ. ಬಾಗಿಲ ಪಟ್ಟಿ ಬಾಯಿ ಬಿಟ್ಟಾವು" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಅವರ ಮನೆಯ ಕಟ್ಟಿಗೆ ಕೆಲಸ ಮಾಡಿಸಿದ್ದು ನಾನು. ಹಿಂದಿನ ಶ್ರಾವಣದಲ್ಲಿ ಗೃಹಪ್ರವೇಶ ಆಗಿತ್ತು. ಏಳು ಬಾಗಿಲಿಗೆ ಸುತ್ತಲೂ 3 ಇಂಚಿನ ಸಾಗವಾನಿ ಪಟ್ಟಿ, ಹಾಲ್ ಮತ್ತು ಎರಡು ಕೋಣೆಗೆ 4 ಇಂಚಿನ ಸಾಗವಾನಿ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ. ನಿವೃತ್ತಿಯ ಹಣದಲ್ಲಿ ಕಟ್ಟಿಸಿದ ಮನೆ. ಮಾಸ್ತರ್ ಒಂದೊಂದು ಪಟ್ಟಿಯನ್ನೂ ಕೈಯಿಂದ ಸವರಿ ನೋಡಿ ಒಪ್ಪಿದ್ದರು.

ಹೋಗಿ ನೋಡಿದೆ. ಹಾಲ್‌ನಿಂದ ಮಲಗುವ ಕೋಣೆಗೆ ಹೋಗುವ ಬಾಗಿಲು. ಮೇಲಿನ ಎರಡು ಮೂಲೆಗಳಲ್ಲಿ ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ಸೇರಿಸಿದ್ದೆವು. ನಾವು ಮಾಡಿದ ದಿನ ಆ ಸಂದಿನಲ್ಲಿ ಕಾಗದ ಕೂಡ ತೂರುತ್ತಿರಲಿಲ್ಲ. ಈಗ ಮಾಸ್ತರ್ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅದರ ಅಂಚನ್ನು ಸಂದಿಗೆ ಒತ್ತಿದರು. ಒಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಕೈ ಬಿಟ್ಟರೂ ಬೀಳಲಿಲ್ಲ.

ಸ್ಕರ್ಟಿಂಗ್ ಕಥೆ ಬೇರೆ. ಗೋಡೆಯ ಬಣ್ಣವನ್ನು ಸ್ಕರ್ಟಿಂಗ್‌ನ ಮೇಲಂಚಿಗೆ ಸರಿಯಾಗಿ ತಂದು ನಿಲ್ಲಿಸಿದ್ದರು. ಆ ಅಂಚು ಈಗ ಕೆಳಗೆ ಸರಿದಿತ್ತು. ಹಾಲ್ ಉದ್ದಕ್ಕೂ ಪುಟ್ಟಿಯ ಬಿಳಿ ಗೆರೆ ಕಾಣುತ್ತಿತ್ತು. ಒಂದು ಹಲಗೆಯಂತೂ ನಡುವೆ ಉದ್ದಕ್ಕೆ ಸೀಳಿಕೊಂಡಿತ್ತು, ಸುಮಾರು ಎರಡು ಅಡಿ.

ಮಾಸ್ತರ್ ಹೆಂಡತಿ, ನಮ್ಮ ಅಕ್ಕಾರು, ಚಹಾ ತಂದಿಟ್ಟರು. ಮಾಸ್ತರ್ ಕೇಳಿದ್ದು ಒಂದೇ ಪ್ರಶ್ನೆ. "ಪಟ್ಟಿ ಹೊಡೆಯೋಕ್ಕಿಂತ ಮುಂಚೆ ಒಂದು ವಾರ ಮನಿ ಒಳಗ ಇಟ್ಟಿದ್ರಿ ಅಲ್ರೀ? ಕಟ್ಟಿಗೆ ಮನಿಗೆ ಒಗ್ಗಬೇಕು ಅಂತ ನೀವೇ ಹೇಳಿದ್ರಿ. ಮತ್ಯಾಕ ಹಿಂಗಾತು?"

ನಿಜ. ನಾನೇ ಹೇಳಿದ್ದೆ. ಒಂದು ವಾರ ಒಳಗೆ ಇಟ್ಟಿದ್ದೂ ನಿಜ. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿದ್ದೇ ಈ ಬರಹ. ನಮ್ಮ ಕಡೆ ಮನೆ ಕಟ್ಟಿಸುವವರಿಗೂ, ನನ್ನ ಜೊತೆಯ ಕೆಲಸಗಾರರಿಗೂ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಆ ಒಂದು ವಾರದಲ್ಲಿ ನಡೆದದ್ದು

ಕಟ್ಟಿಗೆ ಬಂದಿದ್ದು ಮಲೆನಾಡಿನ ಕಡೆಯ ಒಂದು ಸಾಮಿಲ್‌ನಿಂದ. ಅಲ್ಲೇ ಸೀಳಿ, ರಂದಾ ಹೊಡೆದು, ಅಳತೆಗೆ ಮಾಡಿ ಕಳಿಸಿದ್ದರು. ಒಳ್ಳೆ ಸಾಗವಾನಿ, ಅದರಲ್ಲಿ ಅನುಮಾನ ಇರಲಿಲ್ಲ. ಆದರೆ ಅದು ಆಗಸ್ಟ್. ಘಟ್ಟದ ಕಡೆ ಬಿಡದೆ ಮಳೆ. ಅಂಥ ಗಾಳಿಯಲ್ಲಿ ಶೆಡ್ಡಿನಲ್ಲಿ ನಿಂತ ಕಟ್ಟಿಗೆ ಎಷ್ಟೇ ಹಳೆಯದಾದರೂ ಒಂದಿಷ್ಟು ನೀರು ಹಿಡಿದುಕೊಂಡೇ ಇರುತ್ತದೆ. ಲಾರಿಯಲ್ಲಿ ನೆನೆಯದಿರಲಿ ಅಂತ ಹತ್ತತ್ತು ಪಟ್ಟಿ ಸೇರಿಸಿ ಪ್ಲಾಸ್ಟಿಕ್ ಸುತ್ತಿದ್ದರು.

ನಾವು ಆ ಕಟ್ಟುಗಳನ್ನು ಹಾಗೇ ತಂದು ಒಳಕೋಣೆಯ ನೆಲದ ಮೇಲೆ ಇಟ್ಟೆವು. ಪ್ಲಾಸ್ಟಿಕ್ ಬಿಚ್ಚಲಿಲ್ಲ. ಧೂಳು ಕೂರುತ್ತದೆ, ಪಾಲಿಶ್ ಮಾಡುವಾಗ ತೊಂದರೆ ಅಂತ ಯೋಚನೆ. ಅದೇ ವಾರ ಹಾಲ್‌ನಲ್ಲಿ ಕೋಟಾ ಕಲ್ಲಿನ ಪಾಲಿಶ್ ನಡೆದಿತ್ತು. ಮಷಿನ್ ತಿರುಗಿದಷ್ಟು ಹೊತ್ತೂ ನೆಲದ ಮೇಲೆ ನೀರು. ಗೋಡೆಗೆ ಎರಡನೇ ಕೈ ಪುಟ್ಟಿ ಆಗಿ ನಾಲ್ಕು ದಿನ ಕೂಡ ಆಗಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ ಇದ್ದದ್ದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಕಾಲಿಟ್ಟರೆ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ವಾಸನೆ ನನಗೆ ಈಗಲೂ ನೆನಪಿದೆ. ಆಗ ಅದರ ಅರ್ಥ ನಾನು ಮಾಡಿಕೊಳ್ಳಲಿಲ್ಲ.

ವಾರ ಕಳೆಯಿತು. ಗೃಹಪ್ರವೇಶಕ್ಕೆ ಮೂರು ದಿನ ಉಳಿದಿತ್ತು. ಕಟ್ಟು ಬಿಚ್ಚಿ, ಕೊಯ್ದು, ಹೊಡೆದು, ಪಾಲಿಶ್ ಮಾಡಿ ಮುಗಿಸಿದೆವು.

ಹಾಗಾದರೆ ಆ ವಾರ ಕಟ್ಟಿಗೆ ಯಾವುದಕ್ಕೆ ಒಗ್ಗಿತು? ಪ್ಲಾಸ್ಟಿಕ್ ಬಿಚ್ಚಿದ್ದರೂ ಹಸಿ ಮನೆಗೆ ಒಗ್ಗುತ್ತಿತ್ತು, ಅಷ್ಟೇ. ಬಿಚ್ಚದೆ ಇಟ್ಟದ್ದರಿಂದ ಪಟ್ಟಿಗಳು ಪ್ಲಾಸ್ಟಿಕ್ಕಿನೊಳಗೆ ಮಲೆನಾಡಿನ ಗಾಳಿಯಲ್ಲೇ ಉಳಿದವು. ಮುಂದೆ ಐದು ತಿಂಗಳಲ್ಲಿ ಮಾಸ್ತರ್ ಮನೆ ಹೇಗೆ ಇರಲಿತ್ತೋ ಆ ಮನೆಗೆ ಒಂದು ಪಟ್ಟಿಯೂ ಒಗ್ಗಿರಲಿಲ್ಲ.

ಕಟ್ಟಿಗೆ ಮತ್ತು ಗಾಳಿಯ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ಗೊತ್ತಾದರೆ ಉಳಿದಿದ್ದೆಲ್ಲ ಸುಲಭ.

ಒಣಗಿದ ಕಟ್ಟಿಗೆ ಅಂದರೆ ನೀರೇ ಇಲ್ಲದ ಕಟ್ಟಿಗೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿರುವುದಿಲ್ಲ. ಕಟ್ಟಿಗೆ ಸುತ್ತಲಿನ ಗಾಳಿಯ ಜೊತೆ ಸದಾ ಕೊಡು-ತಗೊ ನಡೆಸುತ್ತಲೇ ಇರುತ್ತದೆ. ಗಾಳಿಯಲ್ಲಿ ಪಸೆ ಜಾಸ್ತಿ ಇದ್ದರೆ ಹೀರುತ್ತದೆ, ಕಡಿಮೆ ಇದ್ದರೆ ಬಿಡುತ್ತದೆ. ಕೊನೆಗೆ ಒಂದು ಕಡೆ ಸಮ ಆಗಿ ನಿಲ್ಲುತ್ತದೆ. ನಮ್ಮ ಊರಿನ ಬಿಸಿಯಲ್ಲಿ ಗಾಳಿಯ ತೇವಾಂಶ ಶೇ 80 ಇದ್ದರೆ ಕಟ್ಟಿಗೆಯ ತೇವಾಂಶ ಸುಮಾರು ಶೇ 16ಕ್ಕೆ ನಿಲ್ಲುತ್ತದೆ. ಗಾಳಿ ಶೇ 65 ಇದ್ದರೆ ಕಟ್ಟಿಗೆ 12ರ ಹತ್ತಿರ. ಗಾಳಿ 50 ಇದ್ದರೆ 9. ಗಾಳಿ 30ಕ್ಕೆ ಇಳಿದರೆ ಕಟ್ಟಿಗೆ 6. ಕಟ್ಟಿಗೆಯ ಈ ಲೆಕ್ಕ ಪೂರ್ತಿ ಒಣಗಿಸಿದ ತೂಕಕ್ಕೆ ಹೋಲಿಸಿ ಹೇಳುವುದು. 100 ಗ್ರಾಂ ಒಣ ಕಟ್ಟಿಗೆಯಲ್ಲಿ 12 ಗ್ರಾಂ ನೀರಿದ್ದರೆ ಶೇ 12.

ತೇವಾಂಶ ಸುಮಾರು ಶೇ 28ರಿಂದ 30ರವರೆಗೆ ಇಳಿಯುವ ತನಕ ಕಟ್ಟಿಗೆ ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಇಳಿದಂತೆಲ್ಲ ಕುಗ್ಗುತ್ತದೆ. ಆದರೆ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಉದ್ದದಲ್ಲಿ ಬಹಳ ಕಡಿಮೆ, ಲೆಕ್ಕಕ್ಕೇ ಬರದಷ್ಟು. ಅಗಲದಲ್ಲಿ ಜಾಸ್ತಿ. ಅದರಲ್ಲೂ ಹಲಗೆಯನ್ನು ಹೇಗೆ ಸೀಳಿದ್ದಾರೆ ಅನ್ನುವುದು ಮುಖ್ಯ. ಪಟ್ಟಿಯ ತುದಿ ನೋಡಿ. ವರ್ಷದ ಬಳೆಗಳು (ಮರ ಬೆಳೆದ ಉಂಗುರಗಳು) ಅಗಲಕ್ಕೆ ಮಲಗಿದ ಹಾಗೆ ಕಂಡರೆ ಅದು ಜಾಸ್ತಿ ಕುಗ್ಗುವ ಪಟ್ಟಿ. ಬಳೆಗಳು ನೆಟ್ಟಗೆ ನಿಂತ ಹಾಗೆ ಕಂಡರೆ ಕುಗ್ಗುವುದು ಹತ್ತಿರಹತ್ತಿರ ಅರ್ಧ.

ಸಾಗವಾನಿ ಈ ವಿಷಯದಲ್ಲಿ ಒಳ್ಳೆ ಮರ. ಬೇರೆ ಎಷ್ಟೋ ಮರಗಳಿಗಿಂತ ಕಡಿಮೆ ಕುಗ್ಗುತ್ತದೆ. ಹಾಗಂತ ಕುಗ್ಗುವುದೇ ಇಲ್ಲ ಅಂತಲ್ಲ. ಮಲಗಿದ ಬಳೆಯ ಪಟ್ಟಿಯಾದರೆ ತೇವಾಂಶ ಶೇ 1 ಇಳಿದಾಗ ಅಗಲದಲ್ಲಿ ಸುಮಾರು ಶೇ 0.19 ಕಡಿಮೆಯಾಗುತ್ತದೆ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಮಾಸ್ತರ್ ಮನೆಯಲ್ಲಿ ಅದು ಎಷ್ಟಾಯಿತು ನೋಡೋಣ.

ಸಾಮಿಲ್‌ನಿಂದ ಬಂದಾಗ ಬಾಗಿಲ ಪಟ್ಟಿ 75 ಮಿಲಿಮೀಟರ್ ಅಗಲ ಇತ್ತು. ಆ ಅಳತೆ ನನ್ನ ಪುಸ್ತಕದಲ್ಲಿ ಬರೆದಿದ್ದೆ. ಜನವರಿಯಲ್ಲಿ ವರ್ನಿಯರ್ ಹಿಡಿದು ಅಳೆದರೆ 73.8. ಅಂದರೆ 1.2 ಮಿಲಿಮೀಟರ್ ಹೋಗಿದೆ, ಶೇ 1.6. ಅದನ್ನು 0.19ರಿಂದ ಭಾಗಿಸಿದರೆ ತೇವಾಂಶ ಎಂಟು-ಎಂಟೂವರೆ ಅಂಶ ಇಳಿದಿದೆ ಅಂತಾಯಿತು. ಸೂಜಿ ಚುಚ್ಚಿ ನೋಡುವ ಮೀಟರ್ ತಂದು ಚುಚ್ಚಿದೆ. ಸುಮಾರು 8 ತೋರಿಸಿತು. ಅಲ್ಲಿಗೆ ಶ್ರಾವಣದಲ್ಲಿ ನಾವು ಗೋಡೆಗೆ ಹೊಡೆದದ್ದು ಶೇ 16ಕ್ಕಿಂತ ಜಾಸ್ತಿ ನೀರಿದ್ದ ಕಟ್ಟಿಗೆ. ಆ ಮೀಟರ್ ಆಗಲೇ ನನ್ನ ಕೈಯಲ್ಲಿ ಇದ್ದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮಾಸ್ತರ್‌ಗೆ ಇದನ್ನು ಹಾಗೇ ಹೇಳಿದೆ. ತಪ್ಪು ನನ್ನದು ಅಂತಲೂ ಹೇಳಿದೆ.

ಇನ್ನು ಆ ಮೂಲೆಯ ಬಿರುಕು. ಅದು ಒಂದೇ ಅಗಲ ಇರಲಿಲ್ಲ. ಹೊರಮೂಲೆಯಲ್ಲಿ ಎರಡೂ ಪಟ್ಟಿ ಇನ್ನೂ ತಾಗಿಕೊಂಡೇ ಇದ್ದವು. ಬಾಗಿಲ ಕಡೆಯ ಒಳಮೂಲೆಗೆ ಬಂದಂತೆ ಸಂದು ಅಗಲ ಆಗುತ್ತಿತ್ತು. ಪಟ್ಟಿಯ ಉದ್ದ ಬದಲಾಗದೆ ಅಗಲ ಮಾತ್ರ ಕುಗ್ಗಿದರೆ 45 ಡಿಗ್ರಿಯ ಕೊಯ್ತ 45 ಆಗಿ ಉಳಿಯುವುದಿಲ್ಲ. ಸ್ವಲ್ಪ ಚೂಪಾಗುತ್ತದೆ. ಎರಡು ಚೂಪು ತುದಿ ಸೇರಿದರೆ 90 ಆಗುವುದಿಲ್ಲ, ಒಳಗಡೆ ಬಾಯಿ ಬಿಡುತ್ತದೆ. ನಮ್ಮ ಲೆಕ್ಕಕ್ಕೆ 1.7 ಮಿಲಿಮೀಟರ್ ಬರುತ್ತದೆ. ನಾಣ್ಯದ ಅಂಚು ಹೋಗಲು ಅಷ್ಟು ಸಾಕು. ಒಂದು ವೇಳೆ ಕಟ್ಟಿಗೆ ಹಿಗ್ಗಿದ್ದರೆ ಸಂದು ಹೊರಮೂಲೆಯಲ್ಲಿ ತೆರೆಯುತ್ತಿತ್ತು. ನಿಮ್ಮ ಮನೆಯ ಬಾಗಿಲನ್ನೂ ಒಮ್ಮೆ ನೋಡಿ. ಸಂದು ಒಳಗಡೆ ಇದ್ದರೆ ಪಟ್ಟಿ ಹೊಡೆದ ಮೇಲೆ ಒಣಗಿದೆ. ಹೊರಗಡೆ ಇದ್ದರೆ ಹೊಡೆದ ಮೇಲೆ ಪಸೆ ಕುಡಿದಿದೆ.

ಸ್ಕರ್ಟಿಂಗ್ ಸೀಳಿದ್ದಕ್ಕೆ ಕಾರಣ ನಮ್ಮ ಅಂಟು. ಹಿಂಬದಿಗೆ ಪೂರ್ತಿ ಅಂಟು ಬಳಿದು ಗೋಡೆಗೆ ಒತ್ತಿದ್ದೆವು. ಮೇಲಂಚು, ಕೆಳಅಂಚು ಎರಡನ್ನೂ ಅಂಟು ಹಿಡಿದ ಜಾಗದಲ್ಲಿ ಹಲಗೆ ಕುಗ್ಗಲು ದಾರಿ ಸಿಗದೆ ನಡುವೆ ಸೀಳಿತು. ಅಂಟು ಬಿಟ್ಟ ಜಾಗದಲ್ಲಿ ಮೇಲಂಚು ಕೆಳಗೆ ಸರಿದು ಬಿಳಿ ಗೆರೆ ಬಿತ್ತು.

ನಮ್ಮ ಊರಿಗೆ ಯಾಕೆ ಇದು ಜಾಸ್ತಿ

ಕರಾವಳಿಯಲ್ಲಿ ವರ್ಷವಿಡೀ ಗಾಳಿಯಲ್ಲಿ ಪಸೆ. ಅಲ್ಲಿಯ ಕಟ್ಟಿಗೆ ಅಲ್ಲಿಯ ಮನೆಗೆ ಹೋದರೆ ಹೆಚ್ಚು ಅಲುಗಾಡುವುದಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಹಾಗಲ್ಲ. ಫೆಬ್ರವರಿಯಿಂದ ಮೇ ತನಕ ಮಧ್ಯಾಹ್ನದ ಗಾಳಿ ಹಪ್ಪಳ ಒಣಗಿಸುವ ಗಾಳಿ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಮೇಲೆ ಮಳೆಗಾಲ. ಬಯಲುಸೀಮೆಯ ಮಳೆ ಕಡಿಮೆ ಅಂದರೂ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗಾಳಿ ಪಸೆಯಾಗುತ್ತದೆ. ಒಂದೇ ಮನೆಯಲ್ಲಿ ಒಂದೇ ಪಟ್ಟಿ ಈ ಎರಡನ್ನೂ ನೋಡಬೇಕು. ಅದೂ ಘಟ್ಟದಿಂದ ಬಂದ ಪಟ್ಟಿ.

ಭಾರತೀಯ ಮಾನಕ ಐಎಸ್ 287 ಇದಕ್ಕಾಗಿಯೇ ಇದೆ. ಗಾಳಿಯ ತೇವಾಂಶ ನೋಡಿ ದೇಶವನ್ನು ನಾಲ್ಕು ವಲಯ ಮಾಡಿ, ಒಣ ಊರಿನ ಕಟ್ಟಿಗೆಗೆ ಕಡಿಮೆ ತೇವಾಂಶ, ಪಸೆ ಊರಿನದಕ್ಕೆ ಸ್ವಲ್ಪ ಜಾಸ್ತಿ ಅಂತ ಅದು ಹೇಳುತ್ತದೆ. ಆದರೆ ಕಟ್ಟಿಗೆ ಅಡ್ಡೆಯಲ್ಲಿ ನಿಂತು "ತೇವಾಂಶ ಎಷ್ಟು?" ಅಂತ ಕೇಳುವ ಗಿರಾಕಿಯನ್ನು ನಾನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ನೋಡಿಲ್ಲ. ನಾನೂ ಕೇಳಿರಲಿಲ್ಲ. ಎಲ್ಲರೂ ಕೇಳುವುದು "ಗಂಟು ಇಲ್ಲ ಅಲ್ರೀ?" ಅಂತ.

ಹಳೆಯ ಪಟ್ಟಿಯನ್ನೇ ಉಳಿಸಿಕೊಂಡದ್ದು

ಮಾಸ್ತರ್ ಎಲ್ಲ ಕಿತ್ತು ಹೊಸದು ಹಾಕಿಸುವ ಯೋಚನೆಯಲ್ಲಿದ್ದರು. ನಮ್ಮ ಬಡಿಗೇರ ಕಾಕಾ ಬೇಡ ಅಂದರು. ಕಾಕಾನಿಗೆ ಅರವತ್ತು ದಾಟಿದೆ. ಮಾಳಿಗೆ ಮನೆಗಳ ಕಂಬ, ತೊಲೆ, ಜಂತಿ ಕೆಲಸ ಮಾಡುತ್ತ ಬೆಳೆದವರು. ಬಾಗಿಲ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದು ಹೇಳಿದರು: "ತಮ್ಮಾ, ಈ ಕಟ್ಟಿಗೆ ಈಗ ಈ ಮನಿದು ಆಗೈತಿ. ಇದನ್ನ ಬಿಟ್ಟು ಹೊಸಾದು ತಂದ್ರ ಅದು ಮತ್ತ ಒಂದರಿಂದ ಸುರು. ಇದರ ಮೂಲಿ ಅಷ್ಟ ಮತ್ತೊಮ್ಮಿ ಕೊಯ್ಯೂಣು."

ಎಷ್ಟು ಸರಿಯಾದ ಮಾತು. ಐದು ತಿಂಗಳು ಆ ಗೋಡೆಯ ಮೇಲೇ ಇದ್ದ ಕಟ್ಟಿಗೆ ಅದು. ಅದಕ್ಕಿಂತ ಚೆನ್ನಾಗಿ ಒಗ್ಗಿದ ಕಟ್ಟಿಗೆ ಇಡೀ ಕೊಪ್ಪಳದಲ್ಲಿ ಆ ಮನೆಗೆ ಸಿಗುತ್ತಿರಲಿಲ್ಲ. ಪಟ್ಟಿಗಳನ್ನು ಸ್ಕ್ರೂ ಬಿಚ್ಚಿ ಇಳಿಸಿದೆವು. ಅದೃಷ್ಟಕ್ಕೆ ಬಾಗಿಲ ಪಟ್ಟಿಗೆ ಅಂಟು ಹಾಕಿರಲಿಲ್ಲ. ಪ್ರತಿ ಪಟ್ಟಿಯ ಹಿಂದೆ ಬಾಗಿಲಿನ ನಂಬರ್ ಬರೆದು ತೆಗೆದಿಟ್ಟೆವು.

ಸ್ಕರ್ಟಿಂಗ್ ಉಳಿಯಲಿಲ್ಲ. ಅಂಟು ಬಿಡಿಸಲು ಹೋದಾಗ ಅರ್ಧಕ್ಕರ್ಧ ಮುರಿಯಿತು. ಗೋಡೆಯ ಪುಟ್ಟಿಯನ್ನೂ ಕಿತ್ತುಕೊಂಡು ಬಂತು. ಹೊಸದು ತರಿಸಲೇಬೇಕಾಯಿತು. ಈ ಸಲದ ಖರ್ಚು ನಾನು ಹಾಕಿದೆ. ಮಾಸ್ತರ್ ಒಪ್ಪಲಿಲ್ಲ, ಅರ್ಧ ಕೊಟ್ಟೇ ಕೊಟ್ಟರು.

ಪ್ಲಾಸ್ಟಿಕ್ ಸ್ಕರ್ಟಿಂಗ್ ಹಾಕಿ ಮುಗಿಸಬಾರದೇ ಅಂತ ಅಳಿಯ ಕೇಳಿದರಂತೆ. ಹಾಕಬಹುದಿತ್ತು. ಅಕ್ಕಾರಿಗೆ ಸಾಗವಾನಿಯೇ ಬೇಕಿತ್ತು, ಅಷ್ಟೇ.

ಎರಡನೇ ಸಲ

ಮಾರ್ಚ್ ಮೊದಲ ವಾರ ಹೊಸ ಸ್ಕರ್ಟಿಂಗ್ ಪಟ್ಟಿ ಬಂತು. 100 ಮಿಲಿಮೀಟರ್ ಅಗಲ, 15 ದಪ್ಪ. ಬಂದ ದಿನವೇ ಪ್ಲಾಸ್ಟಿಕ್ ಕತ್ತರಿಸಿ ಎಸೆದೆವು.

ಮೊದಲು ಮನೆಯನ್ನು ಪರೀಕ್ಷೆ ಮಾಡಿದೆವು. ಕಿತ್ತ ಜಾಗಕ್ಕೆ ಹೊಸ ಪುಟ್ಟಿ ಬಳಿದಿದ್ದರಲ್ಲ, ಅದು ಒಣಗಿದೆಯಾ ಅಂತ. ಒಂದು ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆವು. ಮರುದಿನ ಬೆಳಿಗ್ಗೆ ಹಾಳೆಯ ಒಳಮೈ ಮಂಜು ಕಟ್ಟಿದ ಹಾಗೆ ಆಗಿತ್ತು. ಇನ್ನೂ ಹಸಿ. ಐದು ದಿನ ಕಿಟಕಿ ತೆಗೆದು ಬಿಟ್ಟು ಮತ್ತೆ ಅಂಟಿಸಿದಾಗ ಒಣಗಿತ್ತು. ಅಲ್ಲಿಯ ತನಕ ಪಟ್ಟಿಗಳನ್ನು ಬೇರೆ ಒಣ ಕೋಣೆಯಲ್ಲಿ ಇಟ್ಟಿದ್ದೆವು. ಆಮೇಲೆ ಹಾಲ್‌ಗೆ ತಂದೆವು. ಎಲ್ಲಿ ಹೊಡೆಯಬೇಕೋ ಅಲ್ಲೇ ಕಟ್ಟಿಗೆ ಒಗ್ಗಬೇಕು.

ಪೇರಿಸಿದ ರೀತಿ ಹೀಗೆ. ನೆಲದ ಮೇಲೆ ಇಟ್ಟಿಗೆ, ಅದರ ಮೇಲೆ ಅಡ್ಡ ರೀಪು. ಅದರ ಮೇಲೆ ಒಂದು ಸಾಲು ಪಟ್ಟಿ, ಪಟ್ಟಿ-ಪಟ್ಟಿಯ ನಡುವೆ ಬೆರಳು ಹೋಗುವಷ್ಟು ಜಾಗ. ಮತ್ತೆ ಒಂದೂವರೆ ಅಡಿಗೊಂದು ಅಡ್ಡ ರೀಪು, ಮತ್ತೆ ಪಟ್ಟಿ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಆಚೀಚೆ ಆದರೆ ಪಟ್ಟಿ ಡೊಂಕಾಗುತ್ತದೆ. ಎಲ್ಲಕ್ಕಿಂತ ಮೇಲೆ ಭಾರಕ್ಕೆ ನಾಲ್ಕು ಕಲ್ಲು. ಗೋಡೆಯಿಂದ ಅರ್ಧ ಅಡಿ ದೂರ. ಕಿಟಕಿಯ ಬಿಸಿಲು ಬೀಳದ ಕಡೆ.

ಆಮೇಲೆ ತೂಕದ ತುಂಡು. ಈ ಕೆಲಸ ಯಾರು ಬೇಕಾದರೂ ಮಾಡಬಹುದು, ಮೀಟರ್ ಬೇಕಿಲ್ಲ. ಒಂದು ಪಟ್ಟಿಯಿಂದ ಒಂದು ಅಡಿ ತುಂಡು ಕೊಯ್ದುಕೊಂಡೆವು. ಎರಡೂ ತುದಿಗೆ ದಪ್ಪಗೆ ಬಣ್ಣ ಬಳಿದೆವು. ಕಟ್ಟಿಗೆ ತುದಿಯ ಕಡೆಯಿಂದ ಬೇಗ ನೀರು ಬಿಡುತ್ತದೆ. ಬಣ್ಣ ಬಳಿಯದಿದ್ದರೆ ಸಣ್ಣ ತುಂಡು ಬೇಗ ಒಣಗಿ, ಉದ್ದ ಪಟ್ಟಿಗಳೂ ಒಣಗಿವೆ ಅಂತ ಸುಳ್ಳು ಹೇಳುತ್ತದೆ. ಬಣ್ಣ ಆರಿದ ಮೇಲೆ ಅಕ್ಕಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟೆವು. 296 ಗ್ರಾಂ. ಮಾಸ್ತರ್ ಪೆನ್ಸಿಲ್ ತೆಗೆದುಕೊಂಡು ತುಂಡಿನ ಮೇಲೇ ತಾರೀಕು, ತೂಕ ಬರೆದರು. ಪರೀಕ್ಷೆ ಪೇಪರಿಗೆ ಅಂಕ ಹಾಕುವ ಅದೇ ದುಂಡು ಅಕ್ಷರ.

ಅದೇ ಪಟ್ಟಿಯಿಂದ ಇನ್ನೊಂದು ಚಿಕ್ಕ ತುಂಡನ್ನು ಕಡ್ಡಿಗಳಾಗಿ ಸೀಳಿದೆವು. ತೂಕ 114 ಗ್ರಾಂ. ಅವನ್ನು ಮಾಸ್ತರ್ ಸೊಸೆ ಕೇಕ್ ಮಾಡುವ ಒವನ್‌ನಲ್ಲಿ 100 ಡಿಗ್ರಿಗಿಂತ ಸ್ವಲ್ಪ ಮೇಲೆ ಇಟ್ಟು, ಎರಡು ದಿನ ಸಂಜೆ ಮುಂದೆಯೇ ಕೂತು ಒಣಗಿಸಿದರು. ಕೊನೆಗೆ ತೂಕ 100ಕ್ಕೆ ಬಂದು ನಿಂತಿತು. ಅಂದರೆ ಬಂದಾಗ ತೇವಾಂಶ ಶೇ 14. ನಮ್ಮ ಒಂದು ಅಡಿ ತುಂಡಿನಲ್ಲಿ ಒಣ ಕಟ್ಟಿಗೆ 260 ಗ್ರಾಂ, ನೀರು 36 ಗ್ರಾಂ ಅಂತ ಲೆಕ್ಕ ಸಿಕ್ಕಿತು. ಈ ಒವನ್ ಕೆಲಸ ಎಲ್ಲರಿಗೂ ಬೇಕಿಲ್ಲ. ತೂಕ ಇಳಿಯುವುದು ನಿಂತಿತಾ ಅನ್ನುವುದಷ್ಟೇ ನೋಡಿದರೂ ಸಾಕು.

ಮೂರನೇ ದಿನ 292. ಏಳನೇ ದಿನ 288. ಹನ್ನೆರಡನೇ ದಿನ 284.

ಒಂದು ವಾರ ಅಂತ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವಲ್ಲ, ಇಲ್ಲಿ ನೋಡಿ. ಒಂದು ವಾರಕ್ಕೆ 8 ಗ್ರಾಂ ಹೋಗಿತ್ತು, ಇನ್ನೂ 7 ಗ್ರಾಂ ಹೋಗಬೇಕಿತ್ತು. ಇಷ್ಟು ಒಣ ಗಾಳಿ, ಇಷ್ಟು ತೆಳು ಪಟ್ಟಿ, ಸರಿಯಾಗಿ ಪೇರಿಸಿಯೂ ವಾರಕ್ಕೆ ಅರ್ಧ ದಾರಿ. ದಪ್ಪ ಹಲಗೆಯಾಗಿದ್ದರೆ ಇನ್ನೂ ನಿಧಾನ. ಹದಿನೇಳನೇ ದಿನ 282. ಇಪ್ಪತ್ತೊಂದನೇ ದಿನ 281. ಇಪ್ಪತ್ನಾಲ್ಕನೇ ದಿನವೂ 281. ಆ ದಿನ ಮಾಸ್ತರ್ ನನಗೆ ಫೋನ್ ಮಾಡಿ, "ನಿಂತೈತ್ರೀ, ಬರ್ರಿ" ಎಂದರು.

281 ಅಂದರೆ ತೇವಾಂಶ ಶೇ 8. ಪಟ್ಟಿಯ ಅಗಲ ಅಳೆದರೆ 100 ಇದ್ದದ್ದು 98.9 ಆಗಿತ್ತು. ಆ 1.1 ಮಿಲಿಮೀಟರ್ ಗೋಡೆಯ ಮೇಲೆ ಕುಗ್ಗುವ ಬದಲು ರೀಪುಗಳ ಮೇಲೆ ಕುಗ್ಗಿತ್ತು.

ನಡುವೆ ಒಂದು ದಿನ ಹಾಳಾಯಿತು. ಹತ್ತನೇ ದಿನವೋ ಏನೋ. ಕೆಲಸದ ಹುಡುಗ, ಪಾಪ, ಬೇಗ ಆಗಲಿ ಅಂತ ಐದು ಪಟ್ಟಿಯನ್ನು ಒಯ್ದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ. ಇಳಿಸಿ ತಂದಾಗ ಎರಡು ಪಟ್ಟಿ ದೋಣಿಯ ಹಾಗೆ ಬಗ್ಗಿದ್ದವು. ಒಂದರ ತುದಿಯಲ್ಲಿ ಬೆರಳುದ್ದದ ಸೀಳು. ಮೇಲ್ಮೈ ಬೇಗ ಒಣಗಿ ಕುಗ್ಗಲು ನೋಡುತ್ತದೆ, ಒಳಗಿನ ಹಸಿ ತಿರುಳು ಬಿಡುವುದಿಲ್ಲ. ಆ ಎಳೆದಾಟದಲ್ಲಿ ಸೀಳು ಬೀಳುತ್ತದೆ. ಕಟ್ಟಿಗೆ ನೆರಳಿನಲ್ಲೇ ಒಣಗಬೇಕು. ಹುಡುಗನಿಗೆ ಬೈಯಲಿಲ್ಲ. ಸೀಳಿದ ತುದಿಯನ್ನು ಅವನ ಕೈಯಲ್ಲೇ ಕೊಯ್ಯಿಸಿದೆವು.

ಕೂಲರ್ ವಿಷಯ

ಇದು ಯಾವ ಬಡಿಗರೂ ನನಗೆ ಹೇಳಿಕೊಟ್ಟಿರಲಿಲ್ಲ. ಮಾರ್ಚ್ ಮಧ್ಯದಲ್ಲಿ ಮಾಸ್ತರ್ ಹಾಲ್‌ನಲ್ಲಿ ಕೂಲರ್ ಹಚ್ಚಿದರು. ನೀರಿನ ಕೂಲರ್, ನಮ್ಮ ಕಡೆ ಮನೆಮನೆಯಲ್ಲೂ ಇರುವಂಥದ್ದು. ನಾನು ಗೋಡೆಗೆ ಗಾಳಿಯ ತೇವಾಂಶ ತೋರಿಸುವ ಒಂದು ಚಿಕ್ಕ ಮೀಟರ್ ತೂಗುಹಾಕಿದ್ದೆ. ಕೂಲರ್ ಇಲ್ಲದ ಮಧ್ಯಾಹ್ನ ಅದು 25 ತೋರಿಸುತ್ತಿತ್ತು. ಕೂಲರ್ ಹಚ್ಚಿದ ರಾತ್ರಿ 60 ದಾಟಿತು. ಹೊರಗೆ ಬೇಸಿಗೆ, ಹಾಲ್ ಒಳಗೆ ಮಳೆಗಾಲದ ಗಾಳಿ.

ಮೊದಲು ಗಾಬರಿಯಾಯಿತು. ಕೂಲರ್ ನಿಲ್ಲಿಸಿ ಅಂತ ಹೇಳೋಣ ಅಂದುಕೊಂಡೆ. ಆಮೇಲೆ ಯೋಚಿಸಿದೆ. ಇದೇ ತಾನೇ ಅವರು ಬದುಕುವ ಮನೆ? ಪ್ರತಿ ಬೇಸಿಗೆಯಲ್ಲೂ ಆ ಹಾಲ್‌ನಲ್ಲಿ ಕೂಲರ್ ಇರುತ್ತದೆ. ಕಟ್ಟಿಗೆ ಒಗ್ಗಬೇಕಾದ್ದು ಅದಕ್ಕೇ. ಕೂಲರ್ ಇರಲಿ, ಗಾಳಿ ನೇರವಾಗಿ ಪೇರಿಸಿದ ಪಟ್ಟಿಗೆ ಬಡಿಯದಂತೆ ತಿರುಗಿಸಿ ಅಂದೆ. ಹಗಲು-ರಾತ್ರಿಯ ಏರಿಳಿತವನ್ನು ಕಟ್ಟಿಗೆ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ವಾರಗಳ ಸರಾಸರಿಯ ಹಿಂದೆ ನಿಧಾನವಾಗಿ ಹೋಗುತ್ತದೆ. 281ಕ್ಕೆ ನಿಂತದ್ದು ಕೂಲರ್ ಹಚ್ಚಿದ ಮನೆಯಲ್ಲೇ. ಕೂಲರ್ ಇಲ್ಲದೆ ಬೀಗ ಹಾಕಿದ ಮನೆಯಾಗಿದ್ದರೆ ಇನ್ನೂ ಕೆಳಗೆ ಇಳಿಯುತ್ತಿತ್ತು. ಅಷ್ಟು ಒಣಗಿದ್ದನ್ನು ಹೊಡೆದಿದ್ದರೆ ಮಳೆಗಾಲದಲ್ಲಿ ಹಿಗ್ಗಿ ಬೇರೆ ತೊಂದರೆ ಕೊಡುತ್ತಿತ್ತು. ಜಾಸ್ತಿ ಒಣಗಿಸುವುದೂ ತಪ್ಪೇ.

ಹೊಡೆದ ರೀತಿ

ಯುಗಾದಿಯ ಹೊತ್ತಿಗೆ ಕೆಲಸ ಶುರು ಮಾಡಿದೆವು. ಹೊಡೆಯುವ ಮುಂಚೆ ಪ್ರತಿ ಪಟ್ಟಿಯ ಹಿಂಬದಿಗೂ ಒಂದು ಕೈ ಸೀಲರ್. ಮುಂದೆ ಮಾತ್ರ ಪಾಲಿಶ್ ಮಾಡಿ ಹಿಂದೆ ಹಾಗೇ ಬಿಟ್ಟರೆ ಹಿಂಬದಿ ಗೋಡೆಯ ಪಸೆ ಬೇಗ ಕುಡಿಯುತ್ತದೆ, ಪಟ್ಟಿ ದೋಣಿಯಾಗುತ್ತದೆ. ಸೀಲರ್ ಹಾಕಿದರೆ ಪಸೆ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ. ಎರಡೂ ಕಡೆ ಒಂದೇ ನಿಧಾನ ಆದರೆ ಸಾಕು.

ಸ್ಕರ್ಟಿಂಗ್‌ಗೆ ಈ ಸಲ ಅಂಟು ಇಲ್ಲ. ಗೋಡೆಗೆ ಗಿಟ್ಟಿ (ಸ್ಕ್ರೂ ಹಿಡಿಯುವ ಪ್ಲಗ್) ಹೊಡೆದು ಒಂದೇ ಸಾಲು ಸ್ಕ್ರೂ. ಕೆಳಗೆ ನೆಲ ಒರೆಸುವ ನೀರು ತಾಗದಂತೆ ಒಂದೆರಡು ಮಿಲಿಮೀಟರ್ ಜಾಗ. ಮೇಲಂಚು ಹಿಗ್ಗಲಿ ಕುಗ್ಗಲಿ, ಯಾರೂ ಅದನ್ನು ಹಿಡಿದಿಲ್ಲ. ಗೋಡೆಯ ಬಣ್ಣವನ್ನೂ ಪಟ್ಟಿ ಹೊಡೆಯುವ ಮುಂಚೆಯೇ ಅದರ ಹಿಂದಿನ ತನಕ ಇಳಿಸಿದೆವು. ಪಟ್ಟಿ ಒಂದು ಕೂದಲು ಸರಿದರೂ ಬಿಳಿ ಗೆರೆ ಕಾಣಬಾರದು ಅಂತ.

ಬಾಗಿಲ ಪಟ್ಟಿಯ ಮೂಲೆಗೆ ಕಾಕಾ ಬೇರೆ ದಾರಿ ಹೇಳಿದರು. 45 ಡಿಗ್ರಿಯ ಕೊಯ್ತವೇ ಬೇಡ. ಮೇಲಿನ ಪಟ್ಟಿ ಎರಡು ಕಂಬದ ಮೇಲೆ ತೊಲೆ ಕೂತ ಹಾಗೆ ನೇರವಾಗಿ ಕೂರಲಿ, ಆಚೀಚೆ ಸ್ವಲ್ಪ ಚಾಚಿಕೊಂಡಿರಲಿ. ಹಳೆ ಮಾಳಿಗೆ ಮನೆಗಳ ಚೌಕಟ್ಟು ನೋಡಿ, ಎಲ್ಲೂ ಓರೆ ಕೊಯ್ತ ಇಲ್ಲ. ನೇರ ಜೋಡಣೆಯಲ್ಲಿ ನಿಂತ ಪಟ್ಟಿ ಅಗಲದಲ್ಲಿ ಕುಗ್ಗಿದರೂ ಮೇಲಿನದರ ಅಡಿಯಲ್ಲೇ ಇರುತ್ತದೆ, ಬಾಯಿ ಬಿಡುವ ಸಂದೇ ಇಲ್ಲ. ಒಳಗಿನ ಆರು ಬಾಗಿಲಿಗೆ ಹಾಗೇ ಮಾಡಿದೆವು. ಮೇಲಿನ ಪಟ್ಟಿಗೆ, ಬಂದಿದ್ದ ಹೊಸ ಕಟ್ಟಿಗೆಯಲ್ಲೇ ಬಳೆ ನೆಟ್ಟಗೆ ನಿಂತವನ್ನು ಕಾಕಾ ಆರಿಸಿದರು. ಮುಂಬಾಗಿಲಿಗೆ ಮಾತ್ರ ಅಕ್ಕಾರು ಓರೆ ಮೂಲೆಯೇ ಇರಲಿ ಅಂದರು. ಅದಕ್ಕೆ ಹಳೆಯ ಪಟ್ಟಿಯನ್ನೇ ಮತ್ತೆ ಕೊಯ್ದು, ಹಿಂದಿನಿಂದ ಗೂಟ ಕೂರಿಸಿ, ಮೂಲೆಗೆ ಅಂಟು ಹಾಕಿ ಸೇರಿಸಿದೆವು. ಕೊಯ್ಯುವಾಗ ತೆಗೆದದ್ದು ಬೆಣೆಯಂಥ ತೆಳು ಸಿಬರು, ಹೊರತುದಿಯಲ್ಲಿ ದಪ್ಪ, ಒಳತುದಿಯಲ್ಲಿ ಏನೂ ಇಲ್ಲ. ಐದು ತಿಂಗಳಲ್ಲಿ ತಪ್ಪಿದ ಕೋನ ಅಷ್ಟೇ.

ಆಮೇಲೆ

ಆಗಸ್ಟ್‌ನಲ್ಲಿ ನಾನೇ ಹೋದೆ. ಮಳೆ ಬಂದು ನಿಂತಿತ್ತು. ತುಂಡು ತೂಗಿದೆವು, 288. ಮೂರು ಅಂಶದಷ್ಟು ಪಸೆ ಕುಡಿದಿತ್ತು. ಸ್ಕರ್ಟಿಂಗ್‌ನ ಮೇಲಂಚು ಅರ್ಧ ಮಿಲಿಮೀಟರ್ ಏರಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಒಳಬಾಗಿಲುಗಳಲ್ಲಿ ಏನೂ ಇಲ್ಲ. ಮುಂಬಾಗಿಲ ಒಂದು ಮೂಲೆಯಲ್ಲಿ, ಹೊರತುದಿಯಲ್ಲಿ, ಪಾಲಿಶ್ ಮೇಲೆ ಕೂದಲೆಳೆಯ ಗೆರೆ. ಮಾಸ್ತರ್ ನಾಣ್ಯ ತೆಗೆದರು. ಹೋಗಲಿಲ್ಲ. ಕಾಗದದ ಚೂರು ಹಿಡಿದರು. ಅದೂ ಹೋಗಲಿಲ್ಲ.

ಜನವರಿಯಲ್ಲಿ ಜಾತ್ರೆಗೆ ಬಂದವನು ಮತ್ತೆ ಅವರ ಮನೆಗೆ ಹೋದೆ. ಆ ಗೆರೆ ಮುಚ್ಚಿಕೊಂಡಿತ್ತು. ತುಂಡು ಅವರ ಕಪಾಟಿನ ಮೇಲೇ ಇದೆ, ಪಂಚಾಂಗದ ಪಕ್ಕ. ಮೇಲ್ಮೈ ಪೂರ್ತಿ ತಾರೀಕು ಮತ್ತು ತೂಕ. ಜಾಗ ಸಾಲದೆ ಈಗ ಹಿಂಬದಿಗೆ ಬರೆಯುತ್ತಿದ್ದಾರೆ. ಕೊನೆಯ ಸಾಲು 282.